ಆ್ಯಪ್ ಕುಬಸ, ವೆಬ್‌ಸೈಟ್ ಸೀರೆ: ಇಳಕಲ್ಲಿನ ಮಗ್ಗದ ಮುಂದೆ ಕೂತು ಹೇಳಿದ ಮಾತು

ಇಳಕಲ್ಲಿನಲ್ಲಿ ನೇಕಾರರೊಬ್ಬರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲೇ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ ಕಾಕಾ ಲಾಳಿಯನ್ನು ಪಕ್ಕಕ್ಕಿಟ್ಟರು. ಜೇಬಿನಿಂದ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು. “ತಮ್ಮಾ, ನಮಗೂ ಒಂದು ಆ್ಯಪ್ ಮಾಡಿಕೊಡು. ಆ್ಯಪ್ ಇಲ್ದ ಈಗ ಯಾಪಾರ ಆಗಂಗಿಲ್ಲಂತ, ಹುಡುಗೂರು ಹೇಳ್ತಾವು.”

ಬಾಗಲಕೋಟೆಯ ನವನಗರದಲ್ಲಿ ಕೂತು ವೆಬ್‌ಸೈಟ್, ಆ್ಯಪ್ ಕಟ್ಟಿಕೊಡುವುದು ನನ್ನ ಕಸುಬು. ಈ ಮಾತನ್ನು ಗುಳೇದಗುಡ್ಡದ ಖಣದ ಅಂಗಡಿಯಲ್ಲಿ ಕೇಳಿದ್ದೇನೆ, ವಿಜಯಪುರದಲ್ಲಿ ಒಣದ್ರಾಕ್ಷಿ ಮಾರುವವರಿಂದ ಕೇಳಿದ್ದೇನೆ, ಗೋಕಾಕದಲ್ಲಿ ಕರದಂಟು ಮಾಡುವವರಿಂದಲೂ ಕೇಳಿದ್ದೇನೆ. ಎಲ್ಲರೂ ಕೇಳುವುದು ಆ್ಯಪ್. ಅವರಲ್ಲಿ ಬಹುಪಾಲು ಜನರಿಗೆ ನಿಜವಾಗಿ ಬೇಕಾದದ್ದು ಮೊಬೈಲಿನಲ್ಲಿ ಥಟ್ಟನೆ ತೆರೆದುಕೊಳ್ಳುವ, ಕನ್ನಡದಲ್ಲಿರುವ, ಹಗುರವಾದ ಒಂದು ವೆಬ್‌ಸೈಟ್. ಹಾಗೆಂದರೆ ಅವರ ಮುಖ ಬಾಡುತ್ತದೆ. ಕಡಿಮೆಯದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಾನೆ ಎಂದು ತಿಳಿಯುತ್ತಾರೆ. ಆ್ಯಪ್ ಎಂದರೇನು, ಮೊಬೈಲ್ ವೆಬ್‌ಸೈಟ್ ಎಂದರೇನು, ಇವೆರಡೂ ನಿಂತಿರುವ ನೆಲ ಯಾವುದು ಎನ್ನುವುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ. ಆ ಹೊತ್ತು ಕಾಕಾನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರ ಫೋನನ್ನೇ ನೋಡಿದೆವು. 32 ಜಿಬಿಯದು. ಆಂಡ್ರಾಯ್ಡೂ ಕಂಪನಿಯವರು ಮೊದಲೇ ತುಂಬಿಟ್ಟ ಆ್ಯಪ್‌ಗಳೂ ಸೇರಿ ಅರ್ಧ ಜಾಗ ನುಂಗಿದ್ದವು. ಉಳಿದದ್ದರಲ್ಲಿ ಮೊಮ್ಮಗನ ಜವಳದ ವಿಡಿಯೊ, ವಾಟ್ಸ್‌ಆ್ಯಪ್‌ನಲ್ಲಿ ದಿನಾ ಬೆಳಿಗ್ಗೆ ಬರುವ ದೇವರ ಚಿತ್ರಗಳು, ನೂರಾರು ಸೀರೆಗಳ ಫೋಟೋ. ಮೇಲ್ಗಡೆ ಸ್ಟೋರೇಜ್ ತುಂಬಿದೆ ಎಂಬ ಸೂಚನೆ ಅಳಿಸಿದಷ್ಟೂ ಮತ್ತೆ ಬರುತ್ತಿತ್ತು.

“ಕಾಕಾ, ಹೊಸಾ ಆ್ಯಪ್ ಹಾಕ್ಕೊಳ್ಳಾಕ ನಿಮ್ಮ ಫೋನಿನ್ಯಾಗ ಜಾಗಾ ಇಲ್ಲ. ವರ್ಷಕ್ಕ ಒಂದೋ ಎರಡೋ ಸೀರಿ ಕೊಳ್ಳಾವ್ರು ನಿಮ್ಮ ಆ್ಯಪ್ ಯಾಕ ಹಾಕ್ಕೋತಾರ್ರಿ?”

ಅವರು ಸುಮ್ಮನೆ ಕೇಳತೊಡಗಿದರು. ಮಗ್ಗದ ಮುಂದೆ ಕೂತಾಗ ಹೋಲಿಕೆ ಹುಡುಕುವ ಕಷ್ಟವಿಲ್ಲ. ಆ್ಯಪ್ ಎಂದರೆ ಕುಬಸ, ವೆಬ್‌ಸೈಟ್ ಎಂದರೆ ಸೀರೆ ಎಂದೆ.

ಕುಬಸವನ್ನು ಮೈಯಳತೆ ತೆಗೆದು ಹೊಲಿಯುತ್ತಾರೆ. ಅಳತೆ ಸರಿಯಾಗಿದ್ದರೆ ಅದರಷ್ಟು ಚೆಂದ ಕೂಡುವುದು ಬೇರೆ ಯಾವುದೂ ಇಲ್ಲ, ಆದರೆ ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಆ್ಯಪ್ ಕೂಡ ಹಾಗೆಯೇ. ಆಂಡ್ರಾಯ್ಡ್‌ಗಾಗಿ ಕಾಟ್ಲಿನ್ ಅಥವಾ ಜಾವಾ ಭಾಷೆಯಲ್ಲಿ ಬರೆದದ್ದು ಐಫೋನ್‌ನಲ್ಲಿ ಓಡುವುದಿಲ್ಲ. ಐಫೋನ್‌ಗೆ ಸ್ವಿಫ್ಟ್ ಭಾಷೆಯಲ್ಲಿ ಮತ್ತೊಮ್ಮೆ ಬರೆಯಬೇಕು. ಈಗ ಫ್ಲಟರ್, ರಿಯಾಕ್ಟ್ ನೇಟಿವ್‌ನಂಥ ಸಲಕರಣೆಗಳು ಬಂದಿವೆ. ಒಂದೇ ಸಲ ಬರೆದು ಎರಡೂ ಕಡೆಗೆ ಕತ್ತರಿಸಿ ಕೊಡುತ್ತವೆ. ಆಗಲೂ ಕೊನೆಗೆ ಬರುವುದು ಎರಡು ಬೇರೆ ಕುಬಸಗಳೇ.

ಸೀರೆಗೆ ಕತ್ತರಿ ಬೀಳುವುದಿಲ್ಲ. ಎತ್ತರದವಳು ಉಟ್ಟರೂ ಗಿಡ್ಡನೆಯವಳು ಉಟ್ಟರೂ ನಿರಿಗೆಯಲ್ಲಿ ಹೆಚ್ಚುಕಡಿಮೆ ಆಗುತ್ತದೆಯೇ ಹೊರತು ಬಟ್ಟೆ ಬದಲಾಗುವುದಿಲ್ಲ. ಒಳ್ಳೆಯ ವೆಬ್‌ಸೈಟ್ ಹಾಗೆ ಇರಬೇಕು. ಸರ್ವರ್‌ನಲ್ಲಿ, ಅಂದರೆ ವೆಬ್‌ಸೈಟ್ ಇಟ್ಟಿರುವ ಕಂಪ್ಯೂಟರಿನಲ್ಲಿ, ಒಂದೇ ಪುಟ. ಅದು ಆಂಡ್ರಾಯ್ಡಿನ ಕ್ರೋಮ್‌ನಲ್ಲಿ, ಐಫೋನಿನ ಸಫಾರಿಯಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ, ಕೀಪ್ಯಾಡ್ ಫೋನಿನ ಸಣ್ಣ ಪರದೆಯಲ್ಲಿ ತನ್ನ ನಿರಿಗೆಯನ್ನು ತಾನೇ ಜೋಡಿಸಿಕೊಳ್ಳಬೇಕು.

ನಿರಿಗೆ ಹಿಡಿಯುವುದನ್ನು ವೆಬ್ ಕಲಿತ ಬಗೆ

ಈ ಗುಣ ವೆಬ್‌ಸೈಟ್‌ಗಳಿಗೆ ಹುಟ್ಟಿನಿಂದ ಬಂದದ್ದಲ್ಲ. ಶತಮಾನ ಬದಲಾಗುವ ಹೊತ್ತಿಗೆ ಮೊಬೈಲಿನಲ್ಲಿ ಇಂಟರ್‌ನೆಟ್ ಅಂದರೆ ವ್ಯಾಪ್. ಕಂಪ್ಯೂಟರಿಗೆ ಒಂದು ವೆಬ್‌ಸೈಟ್, ಮೊಬೈಲಿಗೆ ಬೇರೆಯದೇ ಭಾಷೆಯಲ್ಲಿ ಬರೆದ ಇನ್ನೊಂದು. ನಾಲ್ಕು ಸಾಲು ಅಕ್ಷರ, ಒಂದೆರಡು ಲಿಂಕ್, ಅಷ್ಟರಲ್ಲಿ ಪರದೆ ತುಂಬುತ್ತಿತ್ತು. ನಮ್ಮ ಕಡೆ ಹೊಲಕ್ಕೆ ನೀರು ಹಾಯಿಸಲು ರಾತ್ರಿ ಹೋಗುವವರ ಕೈಯಲ್ಲಿ ಆಗ ಇದ್ದದ್ದು 2003ರಲ್ಲಿ ಬಂದ ನೋಕಿಯಾ 1100. ಅದರಲ್ಲಿ ಜನರಿಗೆ ಬೇಕಾಗಿದ್ದದ್ದು ತುದಿಯಲ್ಲಿನ ಬ್ಯಾಟರಿ ಬೆಳಕು, ಇಂಟರ್‌ನೆಟ್ಟಿನ ಗೊಡವೆ ಯಾರಿಗೂ ಇರಲಿಲ್ಲ.

2007ರಲ್ಲಿ ಐಫೋನ್ ಬಂತು. ಆಗ ನಡೆದ ಒಂದು ಸಂಗತಿಯನ್ನು ಈಗ ಅನೇಕರು ಮರೆತಿದ್ದಾರೆ. ಮೊದಲ ಐಫೋನ್‌ಗೆ ಹೊರಗಿನವರು ಆ್ಯಪ್ ಬರೆಯುವಂತೆಯೇ ಇರಲಿಲ್ಲ. ಆ ವರ್ಷದ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ತಂತ್ರಾಂಶ ಬರೆಯುವವರನ್ನು ಸೇರಿಸಿ, ನಿಮಗೆ ಬೇಕಾದದ್ದನ್ನೆಲ್ಲ ವೆಬ್ ಮೂಲಕವೇ ಮಾಡಿ, ಸಫಾರಿಯಲ್ಲಿ ಅದು ಓಡುತ್ತದೆ ಎಂದು ತಿಳಿಸಿದರು. ಬರೆಯುವವರಿಗೆ ಸಮಾಧಾನವಾಗಲಿಲ್ಲ. ಆಗಿನ ವೆಬ್‌ಗೆ ಫೋನಿನ ಒಳಗನ್ನು ಮುಟ್ಟುವ ಶಕ್ತಿಯೂ ಇರಲಿಲ್ಲ, ವೇಗವೂ ಸಾಲುತ್ತಿರಲಿಲ್ಲ. ಮರುವರ್ಷ ಜುಲೈನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆಯಿತು. ಮೊದಲ ದಿನ ಅಲ್ಲಿದ್ದದ್ದು ಸುಮಾರು 500 ಆ್ಯಪ್. ಅದೇ 2008ರ ಕೊನೆಗೆ ಮೊದಲ ಆಂಡ್ರಾಯ್ಡ್ ಫೋನೂ ಅದರ ಆ್ಯಪ್ ಅಂಗಡಿಯೂ ಬಂದವು. ಆ್ಯಪ್‌ಗಳ ಜಾತ್ರೆ ಶುರುವಾದದ್ದು ಅಲ್ಲಿಂದ.

ಆ ಜಾತ್ರೆಯ ಗದ್ದಲದಲ್ಲಿ ವೆಬ್ ಕೈಕಟ್ಟಿ ಕೂತಿರಲಿಲ್ಲ. ಮೊದಲಿಗೆ ಐಫೋನಿನ ಸಫಾರಿ, ಎಲ್ಲ ಪುಟಗಳೂ 980 ಚುಕ್ಕೆಯಷ್ಟು ಅಗಲವಿರುತ್ತವೆ ಎಂದು ಊಹಿಸಿಕೊಂಡು, ಅದನ್ನು ಕುಗ್ಗಿಸಿ ಅಂಗೈಯಷ್ಟು ಪರದೆಗೆ ಕೂರಿಸುತ್ತಿತ್ತು. ಅಕ್ಷರ ಸಾಸಿವೆಯಷ್ಟಾಗುತ್ತಿದ್ದವು. ಎರಡು ಬೆರಳಲ್ಲಿ ಹಿಗ್ಗಿಸಿ, ಆಚೀಚೆ ಜರುಗಿಸುತ್ತ ಓದಬೇಕಿತ್ತು. ಈಗಲೂ ಕೆಲವು ಹಳೆಯ ವೆಬ್‌ಸೈಟ್‌ಗಳಲ್ಲಿ ಇದೇ ಪಾಡು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಗಾರ ಒಂದು ಲೇಖನ ಬರೆದು, ಮೊಬೈಲಿಗೆ ಬೇರೆ ವೆಬ್‌ಸೈಟ್ ಬೇಡ, ಒಂದೇ ಪುಟ ಪರದೆಯ ಅಗಲವನ್ನು ತಾನೇ ಕೇಳಿ ತಿಳಿದು ಅದಕ್ಕೆ ತಕ್ಕಂತೆ ಮೈ ಹೊಂದಿಸಿಕೊಳ್ಳಲಿ ಎಂದರು. ಅದನ್ನು ಇಂಗ್ಲಿಷಿನಲ್ಲಿ ರೆಸ್ಪಾನ್ಸಿವ್ ಡಿಸೈನ್ ಎನ್ನುತ್ತಾರೆ. ಮೂರು ಅಂಕಣದ ಪುಟ ಸಣ್ಣ ಪರದೆಗೆ ಬಂದರೆ ಒಂದೇ ಅಂಕಣವಾಗಿ ಇಳಿಯುತ್ತದೆ, ಚಿತ್ರಗಳು ಪರದೆ ದಾಟಿ ಹೋಗದಂತೆ ಕುಗ್ಗುತ್ತವೆ, ಗುಂಡಿಗಳು ಬೆರಳಿಗೆ ಸಿಗುವಷ್ಟು ದೊಡ್ಡದಾಗುತ್ತವೆ. ಇಷ್ಟೇ ನಿರಿಗೆ. 2015ರ ಏಪ್ರಿಲ್‌ನಲ್ಲಿ ಗೂಗಲ್, ಮೊಬೈಲಿಗೆ ಹೊಂದದ ಪುಟಗಳನ್ನು ಮೊಬೈಲ್ ಹುಡುಕಾಟದಲ್ಲಿ ಕೆಳಗೆ ತಳ್ಳತೊಡಗಿದ ಮೇಲೆ ಉಳಿದವರೂ ಎಚ್ಚೆತ್ತರು.

ಅದೇ 2015ರಲ್ಲಿ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಪ್ರಯೋಗ ನಡೆಯಿತು. ಬೆಂಗಳೂರಿನ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿ, ಇನ್ನು ಬಟ್ಟೆ ಬೇಕಿದ್ದರೆ ಆ್ಯಪ್ ಹಾಕಿಕೊಂಡೇ ಬನ್ನಿ ಎಂದಿತು. ಅದನ್ನು ಕೊಂಡಿದ್ದ ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ವೆಬ್‌ಸೈಟಿಗೆ ಬಂದವರನ್ನು ಆ್ಯಪ್ ಕಡೆಗೇ ಕಳಿಸುತ್ತಿತ್ತು. ಅಷ್ಟು ದುಡ್ಡು, ಅಷ್ಟು ಎಂಜಿನಿಯರುಗಳು, ಮನೆಮನೆಗೆ ಮುಟ್ಟುವ ಜಾಹೀರಾತು ಇದ್ದ ಕಂಪನಿಗಳವು. ಆದರೂ ವರ್ಷ ತುಂಬುವುದರೊಳಗೆ ದಾರಿ ಬದಲಿಸಿದವು. 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಹೊಸ ಬಗೆಯ ಮೊಬೈಲ್ ವೆಬ್‌ಸೈಟ್ ತಂದಿತು, 2016ರಲ್ಲಿ ಮಿಂತ್ರಾ ತನ್ನ ಬಾಗಿಲು ಮತ್ತೆ ತೆರೆಯಿತು. ಆ್ಯಪ್ ಹಾಕಿಕೊಳ್ಳಿ ಎಂದು ಜನರನ್ನು ಒಪ್ಪಿಸುವುದು ಅಂಥವರಿಗೇ ಕಷ್ಟವಾದರೆ ಒಂದು ಮಗ್ಗದ ಮನೆಗೆ ಎಷ್ಟು ಕಷ್ಟವಾದೀತು ಎನ್ನುವುದನ್ನು ಕಾಕಾನಿಗೆ ವಿವರಿಸಿ ಹೇಳಬೇಕಾಗಲಿಲ್ಲ.

ಸೀರೆಗೆ ಸೆರಗು ಕೂಡಿಸಿದ ಹಾಗೆ

ಫ್ಲಿಪ್‌ಕಾರ್ಟ್ ಆಗ ತಂದದ್ದನ್ನು ಪ್ರೋಗ್ರೆಸಿವ್ ವೆಬ್ ಆ್ಯಪ್ ಎನ್ನುತ್ತಾರೆ. ಹೆಸರು ಉದ್ದ, ವಿಷಯ ಸರಳ. ಆ ಹೆಸರಿಟ್ಟವರು ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್, 2015ರಲ್ಲಿ.

ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು, ಅಂದರೆ ಉದ್ದೆಳೆ, ಹತ್ತಿಯದಿದ್ದರೂ ಸೆರಗಿನ ಹಾಸು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಮಗ್ಗದ ಮೇಲೇ ಕೂಡಿಸುತ್ತಾರೆ. ಕೂಡಿದ ಮೇಲೆ ಅದು ಒಂದೇ ಸೀರೆ. ಪ್ರೋಗ್ರೆಸಿವ್ ವೆಬ್ ಆ್ಯಪ್ ಕೂಡ ಅಂಥದೇ ಒಂದು ಕೂಡಿಕೆ. ಒಡಲು ವೆಬ್‌ಸೈಟ್, ಅದಕ್ಕೆ ಆ್ಯಪಿನ ಕೆಲವು ಗುಣಗಳನ್ನು ಕೊಂಡಿ ಹಾಕಿ ಸೇರಿಸಿದ್ದಾರೆ.

ಅದರಲ್ಲಿ ಮುಖ್ಯವಾದ ಕೊಂಡಿಯ ಹೆಸರು ಸರ್ವಿಸ್ ವರ್ಕರ್. ನೀವು ಮೊದಲ ಸಲ ವೆಬ್‌ಸೈಟ್ ತೆರೆದಾಗ ಅದು ಒಬ್ಬ ಸಣ್ಣ ಆಳನ್ನು ನಿಮ್ಮ ಬ್ರೌಸರ್‌ನಲ್ಲಿ, ಅಂದರೆ ಕ್ರೋಮ್, ಸಫಾರಿಯಂಥ ವೆಬ್ ತೋರಿಸುವ ತಂತ್ರಾಂಶದಲ್ಲಿ, ಬಿಟ್ಟು ಹೋಗುತ್ತದೆ ಎಂದುಕೊಳ್ಳಿ. ಆ ಆಳು ಪುಟಕ್ಕೂ ನೆಟ್‌ಗೂ ನಡುವೆ ಕೂರುತ್ತಾನೆ. ಪುಟದ ಚೌಕಟ್ಟು, ಬಣ್ಣ, ಅಂಗಡಿಯ ಗುರುತು, ನೋಡಿದ ಸೀರೆಗಳ ಫೋಟೋ ಇವನ್ನೆಲ್ಲ ಫೋನಿನಲ್ಲೇ ಒಂದು ಮೂಲೆಯಲ್ಲಿ ಕೂಡಿಟ್ಟುಕೊಳ್ಳುತ್ತಾನೆ. ಎರಡನೆಯ ಸಲ ನೀವು ತೆರೆದಾಗ ನೆಟ್‌ವರೆಗೆ ಓಡುವುದಿಲ್ಲ, ಇದ್ದದ್ದನ್ನು ಕೂಡಲೇ ತೆಗೆದುಕೊಡುತ್ತಾನೆ. ಹೊಸದೇನಾದರೂ ಬಂದಿದ್ದರೆ ಅದನ್ನಷ್ಟೇ ಹಿಂದಿನಿಂದ ತರುತ್ತಾನೆ. ಖಾನಾಪುರದ ಕಾಡಂಚಿನ ಊರಲ್ಲಿ ಟವರ್ ಸಿಗದೆ ಹೋದರೂ ಹಿಂದೆ ನೋಡಿದ ಪುಟ ತೆರೆದುಕೊಳ್ಳುತ್ತದೆ. ಈ ಆಳು ದಾರಿಯಲ್ಲಿ ಯಾರ ಕೈಗೂ ಸಿಕ್ಕಿ ಮೋಸ ಹೋಗಬಾರದಲ್ಲ, ಅದಕ್ಕೆ ಪುಟದ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಸುರಕ್ಷಿತ ದಾರಿಯದ್ದಾಗಿದ್ದರೆ ಮಾತ್ರ ಬ್ರೌಸರ್ ಅವನನ್ನು ಒಳಗೆ ಬಿಡುತ್ತದೆ.

ಇನ್ನೊಂದು ಕೊಂಡಿ ಬಹಳ ಚಿಕ್ಕದು. ಅಂಗಡಿಯ ಹೆಸರು, ಗುರುತಿನ ಚಿತ್ರ, ಬಣ್ಣ ಬರೆದ ಒಂದು ಪುಟ್ಟ ಕಡತ. ಅದಿದ್ದರೆ ಬ್ರೌಸರಿನ ಮೂರು ಚುಕ್ಕೆ ಒತ್ತಿ ಹೋಮ್ ಸ್ಕ್ರೀನ್‌ಗೆ ಸೇರಿಸಬಹುದು. ಸೇರಿಸಿದರೆ ಆ್ಯಪಿನ ಹಾಗೆಯೇ ಗುರುತು ಬಂದು ಕೂರುತ್ತದೆ, ಒತ್ತಿದರೆ ವಿಳಾಸದ ಪಟ್ಟಿ ಇಲ್ಲದೆ ತುಂಬುಪರದೆಯಲ್ಲಿ ತೆರೆಯುತ್ತದೆ. ನೋಡಿದವರಿಗೆ ಅದು ಆ್ಯಪೇ. ಹಿಡಿಯುವ ಜಾಗ ಮಾತ್ರ ಆ್ಯಪಿನದಕ್ಕಿಂತ ಎಷ್ಟೋ ಕಡಿಮೆ.

ಐಫೋನಿನಲ್ಲಿ ಇದು ಅಷ್ಟು ಸರಾಗವಾಗಿ ನಡೆದಿಲ್ಲ. ಹೀಗೆ ಸೇರಿಸಿದ ವೆಬ್ ಆ್ಯಪ್‌ಗಳು ಸೂಚನೆ ಕಳಿಸಲು ಆ್ಯಪಲ್ ಬಿಟ್ಟದ್ದು 2023ರ ಮಾರ್ಚಿನಲ್ಲಿ. ಆಂಡ್ರಾಯ್ಡಿನಲ್ಲಿ ಆ ಸೌಲಭ್ಯ ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. 2024ರ ಫೆಬ್ರುವರಿಯಲ್ಲಿ ಯುರೋಪಿನ ಐಫೋನ್‌ಗಳಲ್ಲಿ ಈ ಸೌಲಭ್ಯವನ್ನೇ ಕಿತ್ತುಹಾಕಲು ಹೊರಟು, ಜನ ಸಿಟ್ಟಾದ ಮೇಲೆ ಮಾರ್ಚಿನಲ್ಲಿ ಹಿಂದೆ ಸರಿಯಿತು. ವೆಬ್ ಯಾರ ಆಸ್ತಿಯೂ ಅಲ್ಲ ನಿಜ. ಆದರೆ ಅದು ತೆರೆಯುವ ಕಿಟಕಿ ಫೋನ್ ಕಂಪನಿಯ ಗೋಡೆಯಲ್ಲಿದೆ.

ಕನ್ನಡಕ್ಕೆ ತೂಕ ಎಷ್ಟು

ಸೀರೆಯ ವಿವರವನ್ನು ಇಂಗ್ಲಿಷಿನಲ್ಲೇ ಹಾಕಿ, ಕನ್ನಡ ಹಾಕಿದರೆ ವೆಬ್‌ಸೈಟ್ ಭಾರವಾಗುತ್ತದಂತೆ ಎಂದು ಕಾಕಾನ ಮಗ ಹೇಳಿದ. ಈ ಮಾತನ್ನು ತುಂಬ ಜನ ನಂಬಿದ್ದಾರೆ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಪಟ್ಟಿಯೇ ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಒಂದು ಸಂಖ್ಯೆ ಇದೆ. ವೆಬ್‌ನಲ್ಲಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್ ಜಾಗ ಬೇಕಾದರೆ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ‘ಇಳಕಲ್’ ಎಂದು ಬರೆಯಲು ಇ, ಳ, ಕ, ಲ ಮತ್ತು ಕೊನೆಯ ಅರ್ಧಾಕ್ಷರದ ಗುರುತು ಸೇರಿ ಐದು ಸಂಕೇತ, 15 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಒಳಗೆ ಆರು ಸಂಕೇತಗಳಿವೆ, 18 ಬೈಟ್. ಇಂಗ್ಲಿಷಿಗಿಂತ ಹೆಚ್ಚು ಹೌದು. ಆದರೆ ಕನ್ನಡದಲ್ಲಿ ಇಪ್ಪತ್ತು ಸಾವಿರ ಸಂಕೇತಗಳ ದೊಡ್ಡ ಲೇಖನ ಬರೆದರೂ ಅದು ಸುಮಾರು 60 ಸಾವಿರ ಬೈಟ್, ಅಂದರೆ 60 ಕೆಬಿ. ಸರ್ವರ್ ಅದನ್ನು ಹಿಂಡಿ ಕಳಿಸುವುದರಿಂದ ದಾರಿಯಲ್ಲಿ ಇನ್ನೂ ಸಣ್ಣದಾಗುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಒಂದೇ ಒಂದು ಸೀರೆಯ ಫೋಟೋ 4 ಎಂಬಿ, ಅಂದರೆ ಆ ಲೇಖನದ ಅರವತ್ತು ಪಟ್ಟಿಗಿಂತ ಹೆಚ್ಚು. ವೆಬ್‌ಸೈಟ್ ಭಾರವಾಗುವುದು ಫೋಟೋಗಳಿಂದ, ಬೇಡದ ಜಾಹೀರಾತಿನ ತುಣುಕುಗಳಿಂದ. ಆ ಅಪವಾದವನ್ನು ನಮ್ಮ ಅಕ್ಷರದ ಮೇಲೆ ಹೊರಿಸುವುದು ನನಗೆ ನೋವು ತರುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ಅಲಂಕಾರದ ಕನ್ನಡ ಫಾಂಟ್ ಒಂದನ್ನು ಪುಟದ ಜೊತೆ ಕಳಿಸಿದರೆ, ಒತ್ತಕ್ಷರಗಳನ್ನೆಲ್ಲ ಹೊತ್ತಿರುವುದರಿಂದ ಅದು ಇಂಗ್ಲಿಷ್ ಫಾಂಟಿಗಿಂತ ದೊಡ್ಡದಿರುತ್ತದೆ. ಫೋನಿನಲ್ಲಿ ಈಗಾಗಲೇ ಇರುವ ಕನ್ನಡ ಫಾಂಟನ್ನೇ ಬಳಸಿದರೆ ಆ ಭಾರವೂ ಇಲ್ಲ. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಸುಮಾರು 2012ರಿಂದೀಚೆಗೆ ಆಂಡ್ರಾಯ್ಡ್ ಒಳಗೇ ಕನ್ನಡ ಸೇರಿಕೊಂಡ ಮೇಲೆ ಆ ಕಾಟ ತಪ್ಪಿತು.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ದರಪಟ್ಟಿಯನ್ನು ಹಾಗೇ ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ. ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬಂದು ಬೀಳುತ್ತದೆ. ಆ ಫಾಂಟ್‌ಗಳು ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ ಕೊಟ್ಟು, ಪರದೆಯ ಮೇಲೆ ಮಾತ್ರ ಕನ್ನಡದ ಆಕಾರ ತೋರಿಸುತ್ತಿದ್ದವು. ಆ ಫಾಂಟ್ ಇಲ್ಲದ ಫೋನಿಗೆ ಅದು ಕನ್ನಡವೆಂದು ತಿಳಿಯುವ ದಾರಿಯೇ ಇಲ್ಲ, ಹುಡುಕಾಟಕ್ಕೂ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದದ್ದು ಮಾತ್ರ ಹುಡುಕಿದವರಿಗೆ ಸಿಗುತ್ತದೆ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ತಂದ ಮೇಲೆ, ಬೆರಳಚ್ಚು ಬಾರದ ನಮ್ಮ ಅವ್ವಂದಿರೂ ‘ಇಳಕಲ್ ಸೀರೆ’ ಎಂದು ಬಾಯಲ್ಲೇ ಹೇಳಿ ಹುಡುಕಬಹುದು. ವೆಬ್‌ಸೈಟಿನ ಪುಟವಾದರೆ ಅಂಥ ಹುಡುಕಾಟಕ್ಕೆ ಸಿಗುತ್ತದೆ. ಆ್ಯಪಿನ ಒಳಗೆ ಬಚ್ಚಿಟ್ಟ ಸೀರೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ನೆಲ ಕುಸಿದಾಗ

ಆ್ಯಪ್ ನಿಂತಿರುವ ನೆಲಕ್ಕೆ ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಆಂಡ್ರಾಯ್ಡ್ ಒಂದು, ಐಫೋನಿನ ಐಒಎಸ್ ಒಂದು. ಇವೆರಡೇ ಎಂದೆಂದಿಗೂ ಇದ್ದವು, ಇರುತ್ತವೆ ಎಂದು ಈಗಿನ ಹುಡುಗರಿಗೆ ಅನ್ನಿಸುತ್ತದೆ. ನಮ್ಮ ಕಾಲದಲ್ಲಿ ನೋಕಿಯಾದ ಸಿಂಬಿಯನ್ ಇತ್ತು, ಬ್ಲ್ಯಾಕ್‌ಬೆರಿ ಇತ್ತು. 2010ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಫೋನ್ ತಂದಿತು. ನೋಕಿಯಾದ ಲುಮಿಯಾ ಫೋನ್‌ಗಳು ಅಗ್ಗವೂ ಗಟ್ಟಿಯೂ ಆಗಿದ್ದರಿಂದ ನಮ್ಮ ಊರುಗಳಲ್ಲೂ ಬಂದವು. ಜನ ಕಡಿಮೆಯೆಂದು ಆ್ಯಪ್ ಬರೆಯುವವರು ಬರಲಿಲ್ಲ, ಆ್ಯಪ್ ಇಲ್ಲವೆಂದು ಜನ ಬಿಟ್ಟರು. 2019ರ ಕೊನೆಗೆ ವಾಟ್ಸ್‌ಆ್ಯಪ್ ಕೂಡ ಅದರಲ್ಲಿ ನಿಂತಿತು. ಫೋನ್ ಕೈಯಲ್ಲಿ ಗಟ್ಟಿಯಾಗಿಯೇ ಇತ್ತು, ಅದಕ್ಕಾಗಿ ಬರೆದ ಆ್ಯಪ್‌ಗಳೆಲ್ಲ ಹೋದವು. ಆ ಫೋನಿನ ಬ್ರೌಸರ್ ಮಾತ್ರ ಇನ್ನೂ ಕೆಲಕಾಲ ಬೇಕಾದ ವೆಬ್‌ಸೈಟನ್ನು ತೋರಿಸುತ್ತಿತ್ತು.

ನನಗೆ ತುಂಬ ಇಷ್ಟವಾದ ಕಥೆ ಫೈರ್‌ಫಾಕ್ಸ್ ಓಎಸ್‌ನದು. ಫೈರ್‌ಫಾಕ್ಸ್ ಬ್ರೌಸರ್ ಮಾಡಿದ ಮೊಝಿಲ್ಲಾ ಸಂಸ್ಥೆಯವರು ಫೋನನ್ನೇ ಒಂದು ಬ್ರೌಸರ್ ಮಾಡಿದರೆ ಹೇಗೆ ಎಂದು ಯೋಚಿಸಿದರು. ಕರೆ ಮಾಡುವ ಪರದೆಯಿಂದ ಹಿಡಿದು ಕ್ಯಾಲ್ಕುಲೇಟರಿನವರೆಗೆ ಎಲ್ಲವೂ ವೆಬ್ ಪುಟ. 2013ರಲ್ಲಿ ಮೊದಲ ಫೋನ್ ಬಂತು, 2014ರ ಆಗಸ್ಟಿನಲ್ಲಿ ಭಾರತದಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಒಂದನ್ನು ತಂದಿತು. ನಡೆಯಲಿಲ್ಲ. ಮುಂದಿನ ವರ್ಷದ ಕೊನೆಗೆ ಮೊಝಿಲ್ಲಾ ಫೋನಿನ ಕೆಲಸ ಕೈಬಿಟ್ಟಿತು. ಆದರೆ ಬೀಜ ಸಾಯಲಿಲ್ಲ. ಅದೇ ತಂತ್ರಾಂಶದಿಂದ ಕೈಓಎಸ್ ಹುಟ್ಟಿತು, ಅದನ್ನು ಹಾಕಿಕೊಂಡು 2017ರಲ್ಲಿ ಜಿಯೋಫೋನ್ ಬಂತು, 1,500 ರೂಪಾಯಿ ಠೇವಣಿಗೆ. ಕಾಕಾನ ಮನೆಯಲ್ಲಿ ಎಂಬತ್ತು ದಾಟಿದ ಅವರ ತಾಯಿಯ ಕೈಯಲ್ಲಿ ಇದ್ದದ್ದು ಅದೇ ಕೀಪ್ಯಾಡ್ ಫೋನ್. ಅದರ ಒಳಗಿನ ಆ್ಯಪ್‌ಗಳೆಲ್ಲ ವೆಬ್ ಭಾಷೆಯಲ್ಲಿ ಬರೆದವೇ. ಆಂಡ್ರಾಯ್ಡ್ ಆ್ಯಪ್ ಅದರಲ್ಲಿ ಹಾಕಲು ಬರುವುದಿಲ್ಲ. ಕಾಕಾನ ಅಂಗಡಿ ಆಂಡ್ರಾಯ್ಡ್ ಆ್ಯಪ್ ಆಗಿದ್ದರೆ, ಆ ಸೀರೆಗಳಿಗೆ ಅರವತ್ತು ವರ್ಷ ಕಂಡಿಕೆ ಸುತ್ತಿದ ತಾಯಿಗೇ ತನ್ನ ಫೋನಿನಲ್ಲಿ ಅದು ಕಾಣುತ್ತಿರಲಿಲ್ಲ.

ಹೊಸ ನೆಲಗಳು ಏಳುತ್ತಲೇ ಇವೆ. ಅಮೆರಿಕದ ನಿರ್ಬಂಧದ ಬಳಿಕ ಚೀನಾದ ಹುವಾವೆ ಹಾರ್ಮನಿ ಓಎಸ್ ಕಟ್ಟಿತು. 2024ರಲ್ಲಿ ಅದರ ಹೊಸ ಆವೃತ್ತಿ ಆಂಡ್ರಾಯ್ಡ್ ಆ್ಯಪ್‌ಗಳನ್ನು ಪೂರ್ತಿ ಕೈಬಿಟ್ಟಿತು. ಅದು ನಮ್ಮ ಕಡೆಗೆ ಬರದೆ ಇರಬಹುದು. ಮಡಚುವ ಫೋನ್ ಬಂದಿವೆ, ತೆರೆದರೆ ಪರದೆ ಎರಡರಷ್ಟು. ಸೀರೆಯ ಗುಣವಿದ್ದ ಪುಟ ಅದಕ್ಕೂ ನಿರಿಗೆ ಹಿಡಿಯುತ್ತದೆ.

ಅಂಗಡಿಯ ಬಾಗಿಲಲ್ಲಿ

ಆ್ಯಪ್ ಬರೆದರೆ ಅದನ್ನು ಜನರಿಗೆ ಮುಟ್ಟಿಸಲು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಬಾಗಿಲು ದಾಟಬೇಕು. ಗೂಗಲ್ ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್‌ಗೆ ವರ್ಷಾ ವರ್ಷ 99 ಡಾಲರ್. ಪ್ಲೇ ಸ್ಟೋರ್‌ನಲ್ಲಿ ಸ್ವಂತ ಹೆಸರಿನ ಹೊಸ ಖಾತೆಯಾದರೆ ಮೊದಲು ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷೆಗೆ ನಿಲ್ಲಬೇಕು. ಆ್ಯಪಿನೊಳಗೆ ಆಟ, ಪಾಠದಂಥ ಡಿಜಿಟಲ್ ಸರಕು ಮಾರಿದರೆ ನೂರಕ್ಕೆ 15ರಿಂದ 30ರವರೆಗೆ ಪಾಲು ಕೊಡುವ ಪದ್ಧತಿ ಬಹುಕಾಲ ನಡೆದುಬಂದಿದೆ. ಸೀರೆಯಂಥ ಕೈಗೆ ಸಿಗುವ ವಸ್ತುವಿಗೆ ಆ ಪಾಲು ಇಲ್ಲ, ಕಾಕಾ ಆ ಭಯ ಪಡಬೇಕಿರಲಿಲ್ಲ. ಈ ಪಾಲಿನ ಸುತ್ತ ಜಗತ್ತಿನ ತುಂಬ ಜಗಳ ನಡೆದಿದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಪ್ಲೇ ಸ್ಟೋರ್ ಹಣಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತು. 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಸುಮಾರು 216 ಕೋಟಿಗೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ಫೋನ್‌ಪೇಯವರು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಎಂಬ ಬೇರೆ ಅಂಗಡಿಯನ್ನೇ ತೆರೆದರು.

ಬಾಗಿಲು ದಾಟಿದ ಮೇಲಿನ ಪಾಡನ್ನು ನಾನು ಅನುಭವದಿಂದ ಕಲಿತೆ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ಹಿಂದೆ ಒಂದು ಆ್ಯಪ್ ಮಾಡಿಕೊಟ್ಟಿದ್ದೆ. ಆ್ಯಪ್ ಅಂಗಡಿಗಳು ವರ್ಷವರ್ಷವೂ ಹೊಸ ಆವೃತ್ತಿಗೆ ತಕ್ಕಂತೆ ತಿದ್ದಿ ಕಳಿಸಿ ಎನ್ನುತ್ತವೆ, ತಿದ್ದದಿದ್ದರೆ ಹೊಸ ಫೋನ್‌ಗಳಿಗೆ ಆ ಆ್ಯಪ್ ಕಾಣದಂತೆ ಮಾಡುತ್ತವೆ. ತಿದ್ದುವ ಖರ್ಚನ್ನು ನಾವಿಬ್ಬರೂ ಮೊದಲೇ ಮಾತಾಡಿರಲಿಲ್ಲ. ಎರಡು ವರ್ಷವಾದ ಮೇಲೆ ಅವರ ಗಿರಾಕಿಗಳು ಹೊಸ ಫೋನ್ ಕೊಂಡು ಹುಡುಕಿದರೆ ಆ್ಯಪ್ ಸಿಗಲಿಲ್ಲ. ಅಂಗಡಿ ಮುಚ್ಚಿದ್ದಾರೇನೋ ಎಂದುಕೊಂಡು ಬೇರೆ ಕಡೆ ಹೋದರು. ಆ ಮನುಷ್ಯ ನನಗೆ ಒಂದು ಕಟುಮಾತೂ ಆಡಲಿಲ್ಲ, ಅದು ಇನ್ನೂ ಕೊರೆಯುತ್ತದೆ. ಅಂದಿನಿಂದ ಆ್ಯಪ್ ಕೇಳಿದವರಿಗೆ ಮೊದಲ ದಿನವೇ ಹೇಳುತ್ತೇನೆ: ಆ್ಯಪ್ ಅಂದರೆ ಎತ್ತು ಕೊಂಡ ಹಾಗೆ, ಕೊಂಡ ದಿನಕ್ಕೆ ಖರ್ಚು ಮುಗಿಯುವುದಿಲ್ಲ, ದಿನಾ ಮೇವು ಹಾಕಬೇಕು.

ಹಾಗೆಂದು ಆ್ಯಪ್ ಯಾರಿಗೂ ಬೇಡವೇ? ಬೇಕು, ಕೆಲವು ಕೆಲಸ ಅದರಿಂದಲೇ ಆಗಬೇಕು. ಯುಪಿಐಯನ್ನೇ ನೋಡಿ. ಮೊದಲ ಸಲ ಹಾಕಿಕೊಂಡಾಗ ಅದು ನಿಮ್ಮ ಸಿಮ್‌ನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸಿ, ಈ ನಂಬರು ಈ ಫೋನಿನಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ವೆಬ್ ಪುಟಕ್ಕೆ ನಿಮ್ಮ ಸಿಮ್ ಮುಟ್ಟುವ ಅಧಿಕಾರ ಇಲ್ಲ, ಇರಬಾರದು ಕೂಡ. 2020ರ ಮುಂಗಾರಿನಲ್ಲಿ ರಾಜ್ಯದ ರೈತರೇ ತಮ್ಮ ಹೊಲದ ಬೆಳೆ ದಾಖಲಿಸಲು ಬಂದ ಬೆಳೆ ಸಮೀಕ್ಷೆ ಆ್ಯಪ್, ನಿಂತ ಜಾಗದ ಸರ್ವೆ ನಂಬರ್ ಹೇಳುವ ದಿಶಾಂಕ್ ಇಂಥವು ಜಿಪಿಎಸ್ ಮತ್ತು ಕ್ಯಾಮೆರಾವನ್ನು ನೆಚ್ಚಿ ನಿಂತಿವೆ. ಹೊಲದಲ್ಲಿ ನೆಟ್ ಇರುವುದಿಲ್ಲ, ದಾಖಲಿಸಿದ್ದನ್ನು ಹಿಡಿದಿಟ್ಟುಕೊಂಡು ಊರಿಗೆ ಬಂದ ಮೇಲೆ ಕಳಿಸಬೇಕು. ಇಂಥಲ್ಲಿ ಮೈಯಳತೆಗೆ ಹೊಲಿದ ಕುಬಸವೇ ಸರಿ. ದಿನಾ ತೆರೆಯುವ ವಸ್ತುವೇ, ಫೋನಿನ ಒಳಗನ್ನು ಮುಟ್ಟಬೇಕೇ, ನೆಟ್ ಇಲ್ಲದೆ ದೊಡ್ಡ ಕೆಲಸ ಆಗಬೇಕೇ ಎಂದು ನಾನು ಕೇಳುತ್ತೇನೆ. ಹೌದೆಂದರೆ ಆ್ಯಪ್ ಮಾಡೋಣ ಎನ್ನುತ್ತೇನೆ. ವೆಬ್‌ಸೈಟ್ ಆ್ಯಪಿನ ಕೈ ಹಿಡಿದೂ ನಡೆಯಬಲ್ಲದು: ಸೀರೆಯ ಪುಟದಲ್ಲಿ ಹಣ ಕೊಡಿ ಎಂಬ ಗುಂಡಿ ಒತ್ತಿದರೆ ಗಿರಾಕಿಯ ಫೋನಿನಲ್ಲಿರುವ ಯುಪಿಐ ಆ್ಯಪ್ ಮೊತ್ತದ ಸಮೇತ ತೆರೆದುಕೊಳ್ಳುತ್ತದೆ.

ಕಾಕಾನಿಗೆ ಕೊನೆಗೆ ಮಾಡಿಕೊಟ್ಟದ್ದು ಹನ್ನೆರಡು ಪುಟದ ವೆಬ್‌ಸೈಟ್. ಹೆಚ್ಚಿನ ಹೊತ್ತು ಹೋದದ್ದು ಫೋಟೋಗಳಿಗೆ. 2 ಎಂಬಿಪಿಎಸ್ ವೇಗದ, ಅಂದರೆ ಸೆಕೆಂಡಿಗೆ ಕಾಲು ಎಂಬಿ ಇಳಿಯುವ ನೆಟ್‌ನಲ್ಲಿ 4 ಎಂಬಿ ಫೋಟೋ ಇಳಿಯಲು 16 ಸೆಕೆಂಡ್ ಬೇಕು. ಅದನ್ನೇ ಮೊಬೈಲಿನ ಅಗಲಕ್ಕೆ ಕುಗ್ಗಿಸಿ, ಫೋಟೋ ಹಗುರ ಮಾಡುವ ವೆಬ್‌ಪಿ ರೂಪಕ್ಕೆ ತಂದು 120 ಕೆಬಿ ಮಾಡಿದರೆ ಅರ್ಧ ಸೆಕೆಂಡ್. ಕಷ್ಟವಾದದ್ದು ಸೆರಗಿನ ಕೆಂಪು. ಅಂಗಳದ ಬಿಸಿಲಲ್ಲಿ ತೆಗೆದರೆ ಮೊಬೈಲ್ ಕ್ಯಾಮೆರಾಕ್ಕೆ ಆ ಕೆಂಪು ಹೆಚ್ಚಾಗಿ, ಒಳಗಿನ ಬಿಳಿ ಎಳೆಯ ತೆನೆ ಚಿತ್ತಾರಗಳು ಕಲಸಿಹೋಗುತ್ತಿದ್ದವು. ಕಾಕಾನ ಸೊಸೆಯೇ ದಾರಿ ಕಂಡುಕೊಂಡರು. ಬೆಳಿಗ್ಗೆ ಹತ್ತರ ಹೊತ್ತಿಗೆ ತಲೆಬಾಗಿಲ ನೆರಳಲ್ಲಿ ಬಿಳಿ ಪಂಚೆಯ ಮೇಲೆ ಸೆರಗು ಹರವಿ ತೆಗೆದರೆ ಒಂದೊಂದು ತೆನೆಯೂ ಎಣಿಸುವಂತೆ ಬರುತ್ತಿತ್ತು.

ಲಿಂಕನ್ನು ಮೊದಲು ತೆರೆದದ್ದು ಅಜ್ಜಿಯ ಕೀಪ್ಯಾಡ್ ಫೋನಿನಲ್ಲಿ. ಸಣ್ಣ ಪರದೆಯ ಮೇಲೆ ಫೋಟೋ ನಿಧಾನಕ್ಕೆ ಇಳಿದು ನಿಂತಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ಇದು ಹ್ವಾದ ದೀಪಾವಳ್ಯಾಗ ನೇದದ್ದಲ್ಲ?” ಎಂದರು. ಕಳೆದ ವಾರ ಸೊಲ್ಲಾಪುರದಿಂದ ಒಬ್ಬ ಅಕ್ಕ ಅದೇ ಲಿಂಕ್ ನೋಡಿ ಫೋನ್ ಮಾಡಿದ್ದರಂತೆ, ಗೋಮಿ ದಡಿಯದು ಒಂಬತ್ತು ವಾರಿ ಸಿಗುತ್ತದೆಯೇ ಎಂದು. ಕಾಕಾ ಮಗ್ಗದ ಕುಣಿಯಲ್ಲಿ ಕೂತೇ ಉತ್ತರ ಕೊಟ್ಟಿದ್ದಾರೆ: “ಸಿಗತೈತ್ರಿ ಅಕ್ಕಾರ, ಇಪ್ಪತ್ತು ದಿನಾ ಕೊಡ್ರಿ, ಹಾಸು ಹೂಡಾಕ್ಹತ್ತೇನಿ.”